ದುಂಡಗೆ ಬರೆದ ಹೆಸರುಗಳು: ಮಂಗೋಲಿಯಾದ ದನಗಾಹಿಗಳ ಕಥೆ

ಮಂಗೋಲಿಯಾ ಅಂದ ಕೂಡಲೇ ನಮಗೆ ಕೇಳುವುದು ಚೆಂಗಿಸ್ ಖಾನನ ಕುದುರೆಗಳ ಸದ್ದು. ಪಠ್ಯಪುಸ್ತಕ ಕಲಿಸಿದ್ದು ಅಷ್ಟೇ. ಆ ಕುದುರೆ ಮೇಯಿಸಿದವನ್ಯಾರು, ಹಿಂಡಿದ ಹಾಲು ಯಾರ ಹೊಟ್ಟೆಗೆ ಹೋಯಿತು ಅಂತ ಕೇಳುವ ರೂಢಿ ನಮಗೆ ಆಗಲೇ ಇಲ್ಲ.

ರಾಜಧಾನಿ ಉಲಾನ್‌ಬಾತರ್‌ನಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ಪಶ್ಚಿಮಕ್ಕೆ, ಅಲ್ತಾಯ್ ಬೆಟ್ಟಗಳ ಸೀಮೆಯಲ್ಲಿ ಖೋವ್ದ್ ಪ್ರಾಂತ್ಯ. ಅಲ್ಲಿ ತ್ಸೆತ್ಸೆಗ್ ಅಂತ ಒಂದು ಸುಮ್ ಇದೆ. ಸುಮ್ ಅಂದ್ರೆ ನಮ್ಮ ತಾಲ್ಲೂಕಿನ ಹಾಗೆ. ತ್ಸೆತ್ಸೆಗ್ ಅಂದ್ರೆ ಹೂವು. ಹೆಸರು ಹೂವಿನದು, ಬದುಕು ಹೂವಿನದಾಗಿರಲಿಲ್ಲ.

ಚೀನಾದ ಮಂಚು ದೊರೆಗಳ ಕಾಲದಲ್ಲಿ ಈ ನಾಡೆಲ್ಲ ಖೋಶೂ ಎಂಬ ಪಾಳೆಯಪಟ್ಟುಗಳಾಗಿ ಹಂಚಿಹೋಗಿತ್ತು. ಪ್ರತಿ ಖೋಶೂಗೆ ವಂಶಪಾರಂಪರ್ಯದ ಒಡೆಯ. ದನಗಾಹಿ ಹುಟ್ಟುತ್ತಲೇ ಯಾರಿಗೋ ಸೇರಿದವನು: ಒಡೆಯನ ಮನೆತನದ ಜೀತದವನು ಖಮ್‌ಜಲಗ, ಮಠದ ಜೀತದವನು ಶಾಬಿ. ಸರ್ಕಾರಿ ಅಂಚೆಗೆ ಕುದುರೆ ಕೊಡಬೇಕು, ಆಳೂ ಕೊಡಬೇಕು, ಎಲ್ಲಾ ಬಿಟ್ಟಿ. ಒಡೆಯ ಚೀನಾದ ವರ್ತಕರಿಂದ ರೇಷ್ಮೆ, ಚಹ ಸಾಲ ತಂದರೆ ಆ ಸಾಲ ಇಡೀ ಖೋಶೂನ ಬಡವರ ತಲೆಗೆ. ರೇಷ್ಮೆ ಉಟ್ಟವನೊಬ್ಬ, ಬಡ್ಡಿಗೆ ಕುರಿ ಹೊಡಕೊಂಡು ಹೋದವನೊಬ್ಬ.

ಇದರ ವಿರುದ್ಧ 20ನೇ ಶತಮಾನದ ಆರಂಭದಲ್ಲಿ ತ್ಸೆತ್ಸೆಗ್ ಸರೋವರದ ಸುತ್ತಿನ ದನಗಾಹಿಗಳು ಎದ್ದು ನಿಂತರು. ಮುಂದಾಳು ಆಯುಷ್, ಅವನೂ ದನಗಾಹಿಯೇ. ಇಂಥ ಹೋರಾಟಕ್ಕೆ ದುಗುಯಿಲಾನ್ ಅಂತ ಹೆಸರು, ವೃತ್ತ ಅಂತ ಅರ್ಥ. ಅರ್ಜಿಯಲ್ಲಿ ಹೆಸರುಗಳನ್ನು ಸಾಲಾಗಿ ಬರೆಯದೆ ದುಂಡಗೆ ಬರೆಯುವ ಪದ್ಧತಿ ಅದು. ಮೊದಲ ಹೆಸರು ಯಾರದು, ಯಾರನ್ನು ಮೊದಲು ಹಿಡಿಯಬೇಕು ಅನ್ನುವುದು ಒಡೆಯನಿಗೆ ತಿಳಿಯಬಾರದು! ಈ ಜಾಣ್ಮೆಗೆ ನಾವು ಬೆರಗಾಗಿದ್ದೇವೆ. ಆದರೂ ಆಯುಷ್ ಸಿಕ್ಕಿಬಿದ್ದ, ಚಿತ್ರಹಿಂಸೆ ಉಂಡ.

1921ರಲ್ಲಿ ಕ್ರಾಂತಿಯಾಯಿತು. ಜೀತ ಹೋಯಿತು, ವರ್ತಕರ ಸಾಲ ರದ್ದಾಯಿತು. 1931ರಲ್ಲಿ ಖೋಶೂಗಳನ್ನೇ ತೆಗೆದುಹಾಕಿದರು. ಆದರೆ ಬಡವರ ಹೆಸರಿನಲ್ಲಿ ಬಂದ ಸರ್ಕಾರ ಬಡವರನ್ನು ಕೇಳದೆಯೇ ಅವರ ಹಿಂಡುಗಳನ್ನು ಒಟ್ಟುಗೂಡಿಸಲು ಹೊರಟಿತು. 1932ರಲ್ಲಿ ಜನ ದಂಗೆ ಎದ್ದರು, ಸರ್ಕಾರ ಹಿಂದೆ ಸರಿಯಿತು. 1937ರಿಂದ 1939ರವರೆಗೆ ಸಾವಿರಾರು ಲಾಮಾಗಳನ್ನು ಕೊಂದರು, ಮಠಗಳನ್ನು ನೆಲಸಮ ಮಾಡಿದರು. ಮಠದ ಜೀತ ತಪ್ಪಬೇಕಿತ್ತು, ನಿಜ. ಅದಕ್ಕೆ ಈ ರಕ್ತ ಬೇಕಿರಲಿಲ್ಲ.

1950ರ ದಶಕದ ಕೊನೆಗೆ ನೆಗ್ದೆಲ್ ಎಂಬ ಸಹಕಾರಿ ಸಂಘಗಳು ಬಂದವು, ಹೆಚ್ಚೂಕಡಿಮೆ ಸುಮ್‌ಗೆ ಒಂದು. ಹಿಂಡು ಸಂಘದ್ದು, ಕಾಯುವವನಿಗೆ ಸಂಬಳ. ಸ್ವಂತಕ್ಕೆ ಕೆಲವೇ ತಲೆ. ಮೇಲಿನ ಆಜ್ಞೆಗೆ ಎದುರು ಮಾತಿಲ್ಲ. ಆದರೆ ಸುಮ್ ಕೇಂದ್ರದಲ್ಲಿ ಶಾಲೆ, ಮಕ್ಕಳಿಗೆ ಹಾಸ್ಟೆಲು, ಆಸ್ಪತ್ರೆ, ಪಶುವೈದ್ಯ, ಚಳಿಗಾಲಕ್ಕೆ ಒಣಹುಲ್ಲು ಎಲ್ಲಾ ಇತ್ತು. ಗುಡಾರದ ಮಕ್ಕಳು ಓದು ಕಲಿತರು. ಇದನ್ನು ಸಣ್ಣ ಮಾತು ಅನ್ನುವವರು ಹಾಸ್ಟೆಲಿನ ಅನ್ನ ಉಂಡವರಲ್ಲ.

1990ರ ನಂತರ ಅದೂ ಮುಗಿಯಿತು. ನೆಗ್ದೆಲ್‌ಗಳು ಒಡೆದವು, ದನಕರು ಹಂಚಿಹೋದವು. ಕೆಲಸ ಕಳಕೊಂಡ ಪೇಟೆಯವರೂ ಹುಲ್ಲುಗಾವಲಿಗೆ ಬಂದರು. ಹುಲ್ಲುಗಾವಲು ಖಾಸಗಿ ಆಸ್ತಿಯಾಗಬಾರದು ಅಂತ 1992ರ ಸಂವಿಧಾನ ಹೇಳಿತು. ಹಿಂಡಿಗೆ ಮಾತ್ರ ಮಿತಿಯಿಲ್ಲ. ಕಾಶ್ಮೀರಿ ಉಣ್ಣೆಗೆ ರೊಕ್ಕ ಬರುತ್ತದೆ ಅಂತ ಎಲ್ಲರೂ ಮೇಕೆ ಹೆಚ್ಚಿಸಿದರು: 1990ರಲ್ಲಿ ದೇಶದಲ್ಲಿ ಸುಮಾರು 50 ಲಕ್ಷ ಮೇಕೆ, 2018ರಲ್ಲಿ ಸುಮಾರು 2 ಕೋಟಿ 70 ಲಕ್ಷ. ಉಣ್ಣೆಯ ಬಹುಪಾಲು ಹೆಚ್ಚು ಸಂಸ್ಕರಿಸದೆಯೇ ಚೀನಾಕ್ಕೆ. ವಸಂತದಲ್ಲಿ ಉಣ್ಣೆ ಬಾಚುವವರೆಗೆ ಸಂಸಾರ ಸಾಲದ ಮೇಲೆ ನಡೆಯುತ್ತದೆ. ಪಟ್ಟಣದಲ್ಲಿ ಕೂತ ಧಣಿಯ ಹಿಂಡನ್ನು ಬಡವ ಮೇಯಿಸುವ ಪದ್ಧತಿಯೂ ಇದೆ.

ಮೇಲೆ ಜುದ್. ಬೇಸಿಗೆ ಒಣಗಿ, ಚಳಿಗಾಲದಲ್ಲಿ ಹುಲ್ಲು ಹಿಮದಡಿ ಹೂತು, ದನ ನಿಂತಲ್ಲೇ ಸಾಯುವ ಕ್ಷಾಮ. 1999ರಿಂದ 2002ರ ಮೂರು ಚಳಿಗಾಲಗಳಲ್ಲಿ ಸುಮಾರು 1 ಕೋಟಿ 10 ಲಕ್ಷ ಪ್ರಾಣಿ ಸತ್ತವು. 2023-24ರಲ್ಲಿ 70 ಲಕ್ಷಕ್ಕೂ ಹೆಚ್ಚು. ದೊಡ್ಡ ಹಿಂಡಿನವನು ಮತ್ತೆ ಚೇತರಿಸಿಕೊಳ್ಳುತ್ತಾನೆ. ನೂರು ತಲೆಯವನು ಗುಡಾರ ಬಿಚ್ಚಿ ಉಲಾನ್‌ಬಾತರ್‌ನ ಅಂಚಿಗೆ ಬಂದು ಹೂಡುತ್ತಾನೆ. ಆ ನಗರದ ಒಂದು ದೊಡ್ಡ ರಸ್ತೆಗೆ ಆಯುಷ್‌ನ ಹೆಸರಿಟ್ಟಿದ್ದಾರೆ.