ಹಸಿರು ತಂತಿಯ ಕಥೆ

ನಾಣ್ಯ ಹಾಕಿ ಆಡುವ ಹಳೆಯ ವಿಡಿಯೋ ಗೇಮ್ ಯಂತ್ರಗಳ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಪರದೆಯ ಮೇಲಿನ ಆಟದ ಇತಿಹಾಸವನ್ನೇ ಬರೆದಿದ್ದಾರೆ. ಆ ಮರದ ಪೆಟ್ಟಿಗೆಯ ಹಿಂಬಾಗಿಲನ್ನು ತೆರೆದರೆ ಬೇರೊಂದು ಇತಿಹಾಸ ಕಾಣುತ್ತದೆ. ಅಲ್ಲಿ ಒಂದು ಹಸಿರು ತಂತಿ ಇರುತ್ತದೆ. ಇಲ್ಲವೇ ಯಾರೋ ಕತ್ತರಿಸಿ ಬಿಟ್ಟ ಅದರ ತುದಿ ಇರುತ್ತದೆ. ಅದು ಅರ್ಥಿಂಗ್ ತಂತಿ. ಅದಿಲ್ಲದಿದ್ದರೂ ಆಟ ನಡೆಯುತ್ತದೆ. ಅದರ ದುರದೃಷ್ಟಕ್ಕೆ ಅದೇ ಕಾರಣ.

ಅಮೆರಿಕದ ಅಟಾರಿ ಸಂಸ್ಥೆಯ ಅಲ್ ಆಲ್ಕಾರ್ನ್ 1972ರಲ್ಲಿ ‘ಪಾಂಗ್’ ಆಟವನ್ನು ರೂಪಿಸಿದಾಗ, ಪರದೆಗಾಗಿ ಅಂಗಡಿಯಿಂದ ಒಂದು ಹಿಟಾಚಿ ಕಪ್ಪು-ಬಿಳುಪು ಟೆಲಿವಿಷನ್ ತಂದು ಪೆಟ್ಟಿಗೆಯೊಳಗೆ ಕೂರಿಸಿದರು. ಕ್ಯಾಲಿಫೋರ್ನಿಯದ ಸನಿವೇಲ್ ಊರಿನ ಆಂಡಿ ಕ್ಯಾಪ್ಸ್ ಎಂಬ ಪಾನಗೃಹದಲ್ಲಿ ಇರಿಸಿದ ಆ ಯಂತ್ರ ಕೆಟ್ಟಿದೆಯೆಂದು ಕರೆ ಬಂತು. ಹೋಗಿ ತೆರೆದು ನೋಡಿದರೆ, ನಾಣ್ಯಗಳು ತುಂಬಿ ತುಳುಕಿದ್ದೇ ಕಾಯಿಲೆ! ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಸ್ವಾರಸ್ಯಕರವೆನಿಸಿದ್ದು ಪಾಂಗ್‌ನ ಸರ್ಕ್ಯೂಟ್ ನಕ್ಷೆಯಲ್ಲಿ ‘ಆಂಟೆನಾ’ ಎಂದು ಗುರುತಿಸಲಾದ ಒಂದು ಪುಟ್ಟ ಭಾಗ. ರೇಡಿಯೋ ಇಲ್ಲದ ಯಂತ್ರಕ್ಕೆ ಆಂಟೆನಾ ಏಕೆ? ಒಣಹವೆಯಲ್ಲಿ ಕಾರ್ಪೆಟ್ಟಿನ ಮೇಲೆ ಪಾದ ಉಜ್ಜಿ ನಡೆದವನ ಮೈಯಲ್ಲಿ ಸಾವಿರಾರು ವೋಲ್ಟಿನ ಸ್ಥಾಯೀ ವಿದ್ಯುತ್ತು ಸಂಗ್ರಹವಾಗುತ್ತದೆ. ಅವನು ನಾಣ್ಯದ ಬಾಗಿಲನ್ನು ಮುಟ್ಟಿದಾಗ ಹಾರುವ ಕಿಡಿಯನ್ನು ಯಂತ್ರವು ನಾಣ್ಯವೆಂದೇ ಭ್ರಮಿಸಬಹುದು. ಪುಕ್ಕಟೆ ಆಟ! ಅಂತಹ ಕಿಡಿಯನ್ನು ಗ್ರಹಿಸಿ, ಹಾಗೆ ದೊರೆತ ಆಟವನ್ನು ರದ್ದುಗೊಳಿಸುವುದೇ ಆ ಆಂಟೆನಾದ ಕೆಲಸ. ಕಿಡಿಯು ಸರ್ಕ್ಯೂಟಿನತ್ತ ನುಗ್ಗದೆ ನೇರವಾಗಿ ಭೂಮಿಗೆ ಇಳಿಯಲೆಂದು ನಾಣ್ಯದ ಬಾಗಿಲಿಗೆ ಹಸಿರು ತಂತಿಯನ್ನು ಕಟ್ಟುವುದು ಇದಕ್ಕೆ ಇನ್ನೊಂದು ಉಪಾಯ. ಮಾಲೀಕನ ಹಣವನ್ನೂ ಆಟಗಾರನ ಪ್ರಾಣವನ್ನೂ ಕಾಯುವುದು ಒಂದೇ ತಂತಿ ಎಂಬುದನ್ನು ಗಮನಿಸಿ.

ಪ್ರಾಣದ ಮಾತು ಅತಿಶಯೋಕ್ತಿಯಲ್ಲ. ನಿಮಗೆ ಹತ್ತನೆಯ ತರಗತಿಯ ವಿದ್ಯುತ್ ಪಾಠ ನೆನಪಿರಬಹುದು. ಫೇಸ್ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಾಗಿದಾಗ, ಅರ್ಥಿಂಗ್ ಇದ್ದರೆ ಭಾರಿ ಪ್ರವಾಹ ಹರಿದು ಫ್ಯೂಸ್ ಸುಡುತ್ತದೆ. ಇಲ್ಲದಿದ್ದರೆ ಲೋಹವು ಸದ್ದಿಲ್ಲದೆ 120 ವೋಲ್ಟ್ ಹೊತ್ತು ಕುಳಿತಿರುತ್ತದೆ. ಒಣಗಿದ ಮರದ ನೆಲದ ಮೇಲೆ ನಿಂತವನಿಗೆ ಏನೂ ತಿಳಿಯದೆ ಹೋಗಬಹುದು. ಆದರೆ ಆಟದ ಅಂಗಡಿಗಳಲ್ಲಿ ಯಂತ್ರಗಳು ಪಕ್ಕಪಕ್ಕದಲ್ಲೇ ಇರುತ್ತಿದ್ದವು. ಒಂದು ಕೈ ಕೆಟ್ಟ ಯಂತ್ರದ ಲೋಹದ ಫಲಕದ ಮೇಲೆ, ಇನ್ನೊಂದು ಕೈ ಸರಿಯಾಗಿ ಅರ್ಥ್ ಆಗಿರುವ ನೆರೆಯ ಯಂತ್ರದ ಬಾಗಿಲ ಮೇಲೆ ಇದ್ದರೆ ಪ್ರವಾಹವು ಎದೆಯ ಮೂಲಕವೇ ಹಾದುಹೋಗುತ್ತದೆ. ಅಮೆರಿಕದ ವಿದ್ಯುತ್ ಸಂಹಿತೆ 1962ರಿಂದಲೇ ಹೊಸ ಜೋಡಣೆಗಳಲ್ಲಿ ಮೂರು ತೂತಿನ ಸಾಕೆಟ್ಟನ್ನು ಕಡ್ಡಾಯಗೊಳಿಸಿತ್ತು. ಆದರೂ ಹಳೆಯ ಕಟ್ಟಡಗಳಲ್ಲಿ ಎರಡೇ ತೂತು. ಪ್ಲಗ್ಗಿನ ಮೂರನೆಯ ಪಿನ್ನನ್ನು ಮುರಿದು ಸಿಕ್ಕಿಸಿಬಿಡುವುದು ಸುಲಭದ ದಾರಿಯಾಯಿತು. ಇಂದಿಗೂ ಮುರಿದ ಪಿನ್ನಿನ ಪ್ಲಗ್ಗುಗಳು ಹಳೆಯ ಯಂತ್ರಗಳಲ್ಲಿ ಸಿಗುತ್ತವೆ.

ಇಲ್ಲಿ ಭಾಷೆಯದೂ ಒಂದು ತೊಡಕಿದೆ. ನಾವು ಬ್ರಿಟಿಷರಿಂದ ಕಲಿತು ‘ಅರ್ಥ್’ ಎನ್ನುವುದನ್ನು ಅಮೆರಿಕನ್ನರು ‘ಗ್ರೌಂಡ್’ ಎನ್ನುತ್ತಾರೆ. ಆಟದ ಬೋರ್ಡಿನ 5 ವೋಲ್ಟಿನ ವಿದ್ಯುತ್ತು ಮರಳಿ ಹೋಗುವ ದಾರಿಗೂ ಅವರಲ್ಲಿ ಅದೇ ಹೆಸರು. ಈ ಎರಡನ್ನೂ ಒಂದೆಂದು ಭಾವಿಸಿ ರಿಪೇರಿಗೆ ಇಳಿದವರು ಕೆಡಿಸಿದ ಯಂತ್ರಗಳು ಕಡಿಮೆಯಿರಲಾರವು. 1980ರ ಸುಮಾರಿನ ಎಷ್ಟೋ ಮಾನಿಟರುಗಳಲ್ಲಿ ಮನೆಯ ವಿದ್ಯುತ್ತಿನ ಒಂದು ತುದಿಯೇ ಚಾಸಿಗೆ ತಾಗುವಂತಿತ್ತು. ಆದ್ದರಿಂದ ಅದರ ಮುಂದೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು. ಅದು ವೋಲ್ಟೇಜನ್ನು ಏರಿಸುವುದಿಲ್ಲ, ಇಳಿಸುವುದಿಲ್ಲ, ಸಂಬಂಧವನ್ನು ಮಾತ್ರ ಕಡಿಯುತ್ತದೆ. ‘ಏನೂ ಮಾಡದ ಈ ಭಾರವೇಕೆ’ ಎಂದು ಯಾರಾದರೂ ಅದನ್ನು ತೆಗೆದು ನೇರವಾಗಿ ಜೋಡಿಸಿದರೆ ಫ್ಯೂಸ್ ಹಾರುತ್ತದೆ, ಕೆಲವೊಮ್ಮೆ ಬೋರ್ಡೂ ಸುಡುತ್ತದೆ.

‘ಪ್ಯಾಕ್-ಮ್ಯಾನ್’ ಯಂತ್ರದ ಕಥೆ ಬೇರೆ. ನಾಮ್ಕೊ 1980ರಲ್ಲಿ ರಚಿಸಿದ ಈ ಆಟವನ್ನು ಅಮೆರಿಕದಲ್ಲಿ ಮಿಡ್‌ವೇ ತಯಾರಿಸಿತು. ಅದರಲ್ಲಿ ಎಸಿಯನ್ನು ಡಿಸಿ ಮಾಡುವ ಕೆಲಸ ಬೋರ್ಡಿನ ಮೇಲೆಯೇ ನಡೆಯುವುದರಿಂದ, ಭಾರಿ ಪ್ರವಾಹವೆಲ್ಲ ಅಂಚಿನ ಸಣ್ಣ ಹಿತ್ತಾಳೆಬಣ್ಣದ ಬೆರಳುಗಳ ಮೂಲಕವೇ ಹಾಯಬೇಕು. ಅವು ಕ್ಲಾವು ಹಿಡಿದಂತೆ ರೋಧ ಹೆಚ್ಚುತ್ತದೆ. ರೋಧದಿಂದ ಶಾಖ, ಶಾಖದಿಂದ ಮತ್ತಷ್ಟು ಕ್ಲಾವು. ಕೊನೆಗೆ ಕನೆಕ್ಟರ್ ಕರಕಲಾಗುತ್ತದೆ. ಹಿಂದಿನ ಮೆಕ್ಯಾನಿಕ್ಕುಗಳು ಅದನ್ನು ಬದಲಿಸದೆ, ಪಕ್ಕದಿಂದ ಒಂದು ತಂತಿಯನ್ನು ಬೆಸೆದು ಕೆಲಸ ಸಾಗಿಸಿದರು. ನಾಣ್ಯ ಬೀಳುತ್ತಿದ್ದರೆ ಸಾಕಿತ್ತು. 1985ರಲ್ಲಿ ಜಪಾನಿನ ತಯಾರಕರ ಸಂಘ ಜಾರಿಗೆ ತಂದ 56 ಸಂಪರ್ಕಗಳ ‘ಜಾಮಾ’ ಮಾನಕದಲ್ಲಿ 5 ವೋಲ್ಟಿಗೆ ನಾಲ್ಕು ಸಂಪರ್ಕಗಳನ್ನೂ, ಗ್ರೌಂಡಿಗೆ ಅದಕ್ಕೂ ಹೆಚ್ಚನ್ನೂ ಮೀಸಲಿಟ್ಟರು, ಭಾರ ಹಂಚಿಹೋಯಿತು.

ಅಮೆರಿಕದಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ ಇಂತಹ ಯಂತ್ರವನ್ನು ಕೊಂಡಿದ್ದರೆ ಅವರಿಗಾಗಿ ಇಷ್ಟು ಹೇಳುತ್ತೇನೆ. ನಮ್ಮ ಹಳೆಯ ವೈರಿಂಗಿನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಅಲ್ಲಿ ಕಪ್ಪೇ ಫೇಸ್, ಬಿಳಿಯದು ನ್ಯೂಟ್ರಲ್. ಊರಿನ ಅಭ್ಯಾಸದಲ್ಲಿ ಕಪ್ಪು ತಂತಿಗೆ ಕೈ ಹಾಕಬೇಡಿ. ಪ್ಲಗ್ಗನ್ನು ಕಿತ್ತ ಮೇಲೂ ಚಿತ್ರನಳಿಗೆಯಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಬಲ್ಲವರಿಂದ ಅದನ್ನು ಇಳಿಸಿದ ಬಳಿಕವೇ ಒಳಗೆ ಕೈಯಿಡಿ. ಆಮೇಲೆ ಮೊದಲ ಕೆಲಸ ಬಣ್ಣ ಬಳಿಯುವುದಲ್ಲ. ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ಪ್ಲಗ್ಗಿನ ಮೂರನೆಯ ಪಿನ್ನಿನಿಂದ ನಾಣ್ಯದ ಬಾಗಿಲಿಗೆ, ಆಟದ ಫಲಕಕ್ಕೆ, ಟ್ರಾನ್ಸ್‌ಫಾರ್ಮರಿನ ಲೋಹದ ಕವಚಕ್ಕೆ ಒಂದೊಂದಾಗಿ ಇಟ್ಟು ನೋಡಿ. ಎಲ್ಲೆಡೆಯೂ ಒಂದು ಓಮ್‌ಗಿಂತ ಕಡಿಮೆ ಬರಬೇಕು. ಬಾಗಿಲಿನ ಕೀಲಿನ ಬಳಿ ವಿಶೇಷ ಗಮನವಿರಲಿ: ತೆರೆದು ಮುಚ್ಚಿ, ತೆರೆದು ಮುಚ್ಚಿ, ಹಸಿರು ತಂತಿ ಹೊದಿಕೆಯೊಳಗೇ ತುಂಡಾಗಿರುತ್ತದೆ, ಹೊರಗಿನಿಂದ ನೋಡಿದರೆ ಸರಿಯಾಗಿಯೇ ಕಾಣುತ್ತದೆ.