ನಿವೃತ್ತರ ಆರೋಗ್ಯವಿಮೆಯ ಅವಧಿ: ಅಮೆರಿಕದ ಒಂದು ಕರಾರುವಾಕ್ಯದ ಅರ್ಥವಿಚಾರ

ಅಮೆರಿಕದ ಸಂಯುಕ್ತಸಂಸ್ಥಾನದಲ್ಲಿ ಕೆಲಸಗಾರನು ನಿವೃತ್ತನಾದ ಮೇಲೆ ಕಂಪೆನಿಯು ಅವನಿಗೆ ಒದಗಿಸುವ ಆರೋಗ್ಯವಿಮೆ ಎಂದಿಗೆ ಮುಗಿಯತಕ್ಕದ್ದು? ಅವನ ಆಯುಸ್ಸು ತೀರಿದಂದೋ, ಅದನ್ನು ಬರೆದಿಟ್ಟ ಕರಾರಿನ ಅವಧಿ ತೀರಿದಂದೋ? ಇದು ಮೇಲ್ನೋಟಕ್ಕೆ ವಕೀಲರ ತಕರಾರು. ಆದರೆ ಇದರ ಮೂಲದಲ್ಲಿರುವುದು ಒಂದು ವಾಕ್ಯದ ಅರ್ಥನಿರ್ಣಯವಾದುದರಿಂದ ಗ್ರಂಥವ್ಯಾಖ್ಯಾನದಲ್ಲಿ ಪರಿಶ್ರಮವುಳ್ಳವರೂ ಇದನ್ನು ಗಮನಿಸಬಹುದಾಗಿದೆ.

1974ರ ಕಾಯಿದೆಯೊಂದು ವಿಶ್ರಾಂತಿವೇತನದ ಹಕ್ಕಿಗೆ ರಕ್ಷಣೆಯನ್ನು ಕೊಟ್ಟಿತು. ಆರೋಗ್ಯವಿಮೆಗೆ ಅದನ್ನು ಕೊಡಲಿಲ್ಲ. ಹೀಗಾಗಿ ಎಲ್ಲ ಭಾರವೂ ಕರಾರಿನ ಮಾತುಗಳ ಮೇಲೆ ಬಿದ್ದಿತು. ಮಿಷಿಗನ್ನಿನ ಜಾಕ್ಸನ್ ಪಟ್ಟಣದಲ್ಲಿದ್ದ ಯಾರ್ಡ್‌ಮನ್ ಕಂಪೆನಿಯು ಅದೇ ವರ್ಷ ಕಾರ್ಮಿಕ ಸಂಘದೊಡನೆ ಮಾಡಿಕೊಂಡ ಕರಾರಿನಲ್ಲಿ, 65 ವರ್ಷ ತುಂಬಿದ ನಿವೃತ್ತರಿಗೆ ಕೆಲಸದಲ್ಲಿರುವವರಿಗೆ ಸಮಾನವಾದ ವಿಮೆಯನ್ನು ಒದಗಿಸಲು ಒಪ್ಪಿತ್ತು. 1975ರಲ್ಲಿ ಕಾರ್ಖಾನೆ ಮುಚ್ಚಿತು. ಕರಾರು ಮುಗಿಯುವ 1977ರಲ್ಲಿ ವಿಮೆಯನ್ನೂ ನಿಲ್ಲಿಸುವುದಾಗಿ ಕಂಪೆನಿಯು ತಿಳಿಸಿತು. ಸಮಾನವೆಂಬುದು ವಿಮೆಯ ಸ್ವರೂಪವನ್ನು ಮಾತ್ರ ಹೇಳುತ್ತದೆಯೋ, ಕಾಲವನ್ನೂ ಹೇಳುತ್ತದೆಯೋ? ಕೆಲಸಗಾರರೇ ಇಲ್ಲದ ಕಾರ್ಖಾನೆಯಲ್ಲಿ ಯಾರಿಗೆ ಸಮಾನ?

1983ರಲ್ಲಿ ಆರನೆಯ ವಲಯದ ಮೇಲ್ಮನವಿ ನ್ಯಾಯಸ್ಥಾನವು ವಾಕ್ಯವು ಸಂದಿಗ್ಧವೆಂದು ಕಂಡು ಇಡೀ ಕರಾರನ್ನು ಪರಿಶೀಲಿಸಿತು. ಬೇರೆ ಸೌಲಭ್ಯಗಳಿಗೆ ಸ್ಪಷ್ಟವಾದ ಅವಧಿಯನ್ನು ವಿಧಿಸಿದ್ದ ಕರಾರು ಇಲ್ಲಿ ಮೌನವಾಗಿತ್ತು. ಅಲ್ಲದೆ ಮುಂದಿನ ಕರಾರಿನಲ್ಲಿ ನಿವೃತ್ತರಿಗಾಗಿ ವಾದಿಸುವ ಹೊಣೆ ಸಂಘಕ್ಕಿರಲಿಲ್ಲ. ಆದುದರಿಂದ ನಿವೃತ್ತಿಯ ಸ್ಥಿತಿಯನ್ನು ಆಶ್ರಯಿಸಿದ ಸೌಲಭ್ಯವು ಆ ಸ್ಥಿತಿಯಿರುವವರೆಗೂ ನಡೆಯತಕ್ಕದ್ದೆಂದು ಊಹಿಸುವುದು ಯುಕ್ತವೆಂದು ನ್ಯಾಯಸ್ಥಾನವು ತೀರ್ಮಾನಿಸಿತು. ನಮ್ಮ ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ, ಶ್ರುತಿಯಿಲ್ಲದ ಕಡೆ ಪ್ರಕರಣವು ಪ್ರಮಾಣವಾಯಿತು.

ಈ ಊಹೆ ಕ್ರಮೇಣ ನಿಯಮದಂತೆ ಗಟ್ಟಿಯಾಯಿತು. ಒಂದು ಪದ್ಯಕ್ಕೆ ಹೊಂದಿದ ಟೀಕೆಯನ್ನು ಕಾವ್ಯಕ್ಕೆಲ್ಲ ಹೊರಿಸಿದಂತೆ, ಅದನ್ನು ಬೇರೆ ಬೇರೆ ಕರಾರುಗಳಿಗೂ ಅನ್ವಯಿಸಿದರು. ದೋಷವಿದ್ದುದು ಇಲ್ಲಿ; ಮೊದಲಿನ ಓದಿನಲ್ಲಲ್ಲವೆಂದು ನಮಗೆ ತೋರುತ್ತದೆ. ಪಶ್ಚಿಮ ವರ್ಜೀನಿಯದ ಆಪಲ್ ಗ್ರೋವ್‌ನಲ್ಲಿದ್ದ ಕಾರ್ಖಾನೆಯೊಂದರ ನಿವೃತ್ತರಿಂದ ಅದರ ಒಡೆಯರಾದ ಎಂ ಅಂಡ್ ಜಿ ಪಾಲಿಮರ್ಸ್ ಕಂಪೆನಿಯು ವಿಮೆಗೆ ವಂತಿಗೆಯನ್ನು ಕೇಳಿದಾಗ ಹುಟ್ಟಿದ ವ್ಯಾಜ್ಯದಲ್ಲಿ, 2015ನೆಯ ಜನವರಿ 26ರಂದು ಸರ್ವೋಚ್ಚ ನ್ಯಾಯಸ್ಥಾನವು ಈ ಊಹೆಯನ್ನು ಏಕಮತದಿಂದ ತಳ್ಳಿಹಾಕಿತು. ಕರಾರಿನ ಮೌನದಿಂದ ಆಜೀವ ಹಕ್ಕು ಹುಟ್ಟದು. ಸಾಮಾನ್ಯ ಕರಾರುಗಳಂತೆಯೇ ಇದನ್ನೂ ಓದತಕ್ಕದ್ದು ಎಂಬುದು ಅದರ ಮತ. ಇದನ್ನು ಒಪ್ಪಿಯೂ ನ್ಯಾಯಾಧೀಶೆ ಗಿನ್ಸ್‌ಬರ್ಗರು ಪ್ರತ್ಯೇಕವಾಗಿ ಬರೆದು, ಅಂಥ ಹಕ್ಕನ್ನು ಸ್ಪಷ್ಟವಾದ ಮಾತಿನಲ್ಲೇ ಹೇಳಿರಬೇಕೆಂಬ ನಿರ್ಬಂಧವಿಲ್ಲವೆಂದೂ ಕರಾರಿನ ಧ್ವನಿಯಿಂದಲೂ ಅದು ಸಿದ್ಧಿಸಬಹುದೆಂದೂ ಸೂಚಿಸಿದರು.

ಆದರೂ ಆರನೆಯ ವಲಯವು ಹಳೆಯ ಊಹೆಯ ಆಧಾರದಿಂದಲೇ ಮತ್ತೊಂದು ಕರಾರು ಸಂದಿಗ್ಧವೆಂದು ಹೇಳಿತು. 2018ರಲ್ಲಿ ಸರ್ವೋಚ್ಚ ನ್ಯಾಯಸ್ಥಾನವು ಅದನ್ನೂ ರದ್ದುಗೊಳಿಸಿತು. ಆ ಕರಾರು 1998ರದು. ಅದು 2004ರಲ್ಲಿ ಮುಗಿದಾಗಲೇ ನಿವೃತ್ತರ ವಿಮೆಯೂ ಮುಗಿಯಿತೆಂದು ತೀರ್ಮಾನವಾಯಿತು.