ಕವಾಯತಿನ ಭಾಷೆ: ಗೋವಾದ ವಿದ್ಯಾರ್ಥಿಗಳು ಮತ್ತು ಸೈನಿಕ ತರಬೇತಿ

ಪೋರ್ಚುಗೀಸರ ಆಳ್ವಿಕೆ 1961ರ ಡಿಸೆಂಬರ್ 19ರಂದು ಕೊನೆಗೊಳ್ಳುವವರೆಗೆ ಗೋವಾದಲ್ಲಿ ವಿಶ್ವವಿದ್ಯಾಲಯವಿರಲಿಲ್ಲ. 1842ರ ವೈದ್ಯಕೀಯ ಶಾಲೆಯನ್ನು ಬಿಟ್ಟರೆ, ಪಣಜಿಯ ಲೀಸಿಯಂ ಮುಗಿಸಿದವರಿಗೆ ಉಳಿದಿದ್ದ ದಾರಿ ಮುಂಬಯಿ, ಬೆಳಗಾವಿ, ಧಾರವಾಡ ಅಥವಾ ದೂರದ ಲಿಸ್ಬನ್. 1962ರಲ್ಲಿ ಪಣಜಿಯ ಧೆಂಪೆ ಕಾಲೇಜು, ಮಡಗಾಂವದ ಚೌಗುಲೆ ಕಾಲೇಜುಗಳು ಆರಂಭವಾದವು. ಮೊದಲ ತಂಡದ ವಿದ್ಯಾರ್ಥಿಗಳು ತರಗತಿಗಳಲ್ಲಿ ನೆಲೆಗೊಳ್ಳುವಷ್ಟರಲ್ಲಿ ಚೀನಾದೊಡನೆ ಯುದ್ಧ ನಡೆಯಿತು. 1963ರಲ್ಲಿ ದೇಶದ ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯವಾಯಿತು.

ಬ್ರಿಟಿಷ್ ಇಂಡಿಯಾದಲ್ಲಿ ಈ ತರಬೇತಿಗೆ 1917ರಷ್ಟು ಹಳೆಯ ಬೇರುಗಳಿದ್ದವು. ಹೃದಯನಾಥ ಕುಂಜ್ರು ಸಮಿತಿಯ ಶಿಫಾರಸಿನ ಮೇರೆಗೆ 1948ರ ಕಾಯಿದೆ ಅದಕ್ಕೆ ಹೊಸ ರೂಪ ಕೊಟ್ಟಿತು. ಗೋವಾಕ್ಕೆ ಈ ಪರಂಪರೆಯ ಪರಿಚಯವಿರಲಿಲ್ಲ. ಅದು ಕಂಡಿದ್ದು ಬೇರೆಯೇ ಕವಾಯತು. ಸಲಜಾರ್ ಸರ್ಕಾರ 1936ರಲ್ಲಿ ಸ್ಥಾಪಿಸಿ ಮುಂದೆ ವಸಾಹತುಗಳಿಗೂ ವಿಸ್ತರಿಸಿದ ‘ಮೊಸಿದಾದ್ ಪೊರ್ತುಗೇಜಾ’ ಎಂಬ ಯುವ ಸಂಘಟನೆಯದು ಹಸಿರು ಅಂಗಿ, ‘ಎಸ್’ ಅಕ್ಷರದ ಪಟ್ಟಿ, ಚಾಚಿದ ತೋಳಿನ ವಂದನೆ. ಆ ಅಕ್ಷರ ಸೇವೆಯದೋ ಸಲಜಾರನದೋ ಎಂಬುದನ್ನು ಅಂದಿನವರು ತಮಗೆ ಬೇಕಾದಂತೆ ಓದಿಕೊಂಡರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಅಲ್ಲಿ ಅಪೇಕ್ಷಿಸಿದ್ದು ಆಳುವ ವ್ಯವಸ್ಥೆಗೆ ನಿಷ್ಠೆ; ಎನ್‌ಸಿಸಿಯ ಸದಸ್ಯತ್ವವಾದರೋ ಸಕ್ರಿಯ ಸೇನಾಸೇವೆಯ ಬಾಧ್ಯತೆಯನ್ನು ಸಹ ಹೊರಿಸುವುದಿಲ್ಲ ಎಂದು ಕಾಯಿದೆಯೇ ಹೇಳುತ್ತದೆ.

ಆದರೂ ಮೈದಾನದಲ್ಲಿ ನಿಂತ ಹುಡುಗನ ಕಿವಿಗೆ ಒಂದು ಸಾಮ್ಯ ತಪ್ಪಲಿಲ್ಲ. ಹಿಂದೆ ‘ಸೆಂತಿದು’, ಈಗ ‘ಸಾವಧಾನ್’. ಎರಡೂ ಅವನ ಮನೆಮಾತಲ್ಲ. (ಕವಾಯತು ಎಂಬ ನಮ್ಮ ಪದವೂ ಅರಬ್ಬೀ ಮೂಲದ್ದೇ.) ಬೆಳಗಿನ ಪೆರೇಡು, ಬೂಟಿನ ಪಾಲಿಶು, .22 ರೈಫಲ್ಲಿನ ಗುರಿ ಇವುಗಳಿಗೆ ಮೈ ಒಗ್ಗುತ್ತದೆ. ಆಜ್ಞೆಯ ಭಾಷೆಗೆ ಮನಸ್ಸು ಒಗ್ಗುವುದು ಬೇರೆ ಮಾತು. ಮದ್ರಾಸಿನಲ್ಲಿ ಇದೇ ಕಾರಣಕ್ಕೆ ಬಿಕ್ಕಟ್ಟು ಎದ್ದಿತು. 1968ರ ಜನವರಿಯಲ್ಲಿ ಅಣ್ಣಾದುರೈ ಸರ್ಕಾರದ ಕಾಲದ ಶಾಸನಸಭೆಯ ನಿರ್ಣಯವು ಎನ್‌ಸಿಸಿಯ ಹಿಂದಿ ಆಜ್ಞೆಗಳನ್ನೂ ತಿರಸ್ಕರಿಸಿತು. ಗೋವಾದಲ್ಲಿ ಅಂಥ ನಿರ್ಣಯ ಹೊರಡಲಿಲ್ಲ. 1967ರ ಜನಮತಗಣನೆಯ ಹಿಂದುಮುಂದಿನ ವರ್ಷಗಳಲ್ಲಿ ಅಲ್ಲಿನ ಭಾಷಾವಾದವೆಲ್ಲ ಕೊಂಕಣಿ–ಮರಾಠಿಗಳ ನಡುವೆಯೇ ಸುತ್ತುತ್ತಿತ್ತು. ಹಿಂದಿ ಯಾರ ಪಕ್ಷವೂ ಅಲ್ಲದ ಮೂರನೆಯದಾಗಿ ತೋರಿರುವುದು ಸಾಧ್ಯ.

ಕಡ್ಡಾಯದ ನಿಯಮ 1968ರಲ್ಲಿ ಹೋಯಿತು, ಮರುವರ್ಷ ರಾಷ್ಟ್ರೀಯ ಸೇವಾ ಯೋಜನೆ ಬಂದಿತು. ಆಡಳಿತದಲ್ಲಿ ಗೋವಾದ ಎನ್‌ಸಿಸಿ ಇಂದು ಬೆಂಗಳೂರಿನ ಕರ್ನಾಟಕ ಮತ್ತು ಗೋವಾ ನಿರ್ದೇಶನಾಲಯಕ್ಕೆ ಸೇರಿದೆ. ವಾಸ್ಕೋದ ಬೈನಾದಂಥ ಕಡೆ ನೆಲೆಸಿದ ಉತ್ತರ ಕರ್ನಾಟಕದ ಕಾರ್ಮಿಕ ಕುಟುಂಬಗಳ ಮಕ್ಕಳಿಗೆ ಈ ಆಡಳಿತಾತ್ಮಕ ಜೋಡಣೆ ಕೇವಲ ಕಾಗದದ ಸಂಗತಿಯಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ, ತರಗತಿಯಲ್ಲಿ ಇಂಗ್ಲಿಷ್, ಮೈದಾನದಲ್ಲಿ ಹಿಂದಿ. ಕರ್ನಾಟಕದ ಕೆಡೆಟ್‌ಗಳೊಡನೆ ಶಿಬಿರದಲ್ಲಿ ಕಲೆತಾಗ, ಗೋವಾದಲ್ಲಿ ವಲಸಿಗರ ಮಾತೆನಿಸಿದ್ದ ಕನ್ನಡ ಸಂಜೆಯ ಪಂಕ್ತಿಯಲ್ಲಿ ಬಹುಸಂಖ್ಯಾತರ ಭಾಷೆಯಾಗಿಬಿಡುತ್ತದೆ. ಮರುದಿನ ಬೆಳಗಿನ ಆಜ್ಞೆ ಮಾತ್ರ ಎಲ್ಲರಿಗೂ ಹಿಂದಿಯಲ್ಲೇ.